ಗ್ಯಾಲರಿ ತುಂಬಿಸಿದ ಓನರ್

ಮಾನ ಹೋಗಬೇಕಾದರೆ ಬೇರೆಯವರಿಗೆ ಏನಾದರೂ ಕಾರಣ ಬೇಕು. ನನಗೆ ವಾರಕ್ಕೊಂದು ಹಾಕಿ ಪಂದ್ಯವಿದ್ದರೆ ಸಾಕು. ಭದ್ರಾವತಿಯಲ್ಲಿ ಟೈಲ್ಸ್ ಅಂಗಡಿ ನಡೆಸಿಕೊಂಡು ಸುಮ್ಮನಿದ್ದವನು, ಯಾವ ಗಳಿಗೆಯಲ್ಲೋ ಸಂಬಳದ ಆಟಗಾರರನ್ನು ಸೇರಿಸಿ ಒಂದು ವೃತ್ತಿಪರ ಹಾಕಿ ತಂಡ ಕಟ್ಟಿದೆ. ನನಗಿದ್ದದ್ದು ಒಂದೇ ಆಸೆ: ಶಿವಮೊಗ್ಗದ ನಮ್ಮ ಪಂದ್ಯಕ್ಕೆ ಒಂದು ಸಲವಾದರೂ ಗ್ಯಾಲರಿ ತುಂಬಬೇಕು.

ಮೂರು ಬೀಗ

ಆಟಗಾರರ ಹರಾಜಿಗೆ ಕೋಚ್ ಬರುವುದು ತಡವಾಯಿತು. ಅಷ್ಟರಲ್ಲಿ ನಾನು ಮೂವರು ಗೋಲ್‌ಕೀಪರ್‌ಗಳನ್ನು ಕೊಂಡುಬಿಟ್ಟಿದ್ದೆ. ಬಾಗಿಲಿಗೆ ಮೂರು ಬೀಗ ಹಾಕಿದರೆ ಕಳ್ಳ ಎಲ್ಲಿಂದ ಬರುತ್ತಾನೆ ಎಂಬುದು ನನ್ನ ತರ್ಕ. ಒಂದು ಸಲಕ್ಕೆ ಒಬ್ಬನೇ ನಿಲ್ಲಬೇಕು ಎಂದು ಕೋಚ್ ಹಣೆ ಚಚ್ಚಿಕೊಂಡರು. ಉಳಿದಿಬ್ಬರನ್ನು ಏನು ಮಾಡುವುದು ಎಂದು ಕೇಳಿದೆ.

"ಗ್ಯಾಲರಿ ತುಂಬ್ಬೇಕು ಅಂತಿದ್ರಲ್ಲ ಸಾರ್, ಅಲ್ಲಿ ಕೂರ್ಸಿ," ಎಂದರು.

ಮೊದಲ ಪಂಕ್ತಿ

ಕರೆಯದೆ ಯಾರು ಬರುತ್ತಾರೆ ಎಂದಳು ನನ್ನ ಹೆಂಡತಿ. ಹೌದಲ್ಲ ಅನ್ನಿಸಿತು. ಪತ್ರಿಕೆ ಅಚ್ಚು ಹಾಕಿಸಿ, ಮೂಲೆಗೆ ಅರಿಶಿನ ಹಚ್ಚಿ, ಕೋಟೆ ಬೀದಿಯ ಮನೆಮನೆಗೂ ಹೋಗಿ, ಸಕುಟುಂಬ ಸಪರಿವಾರ ಸಮೇತ ಬರಬೇಕು ಎಂದು ಅಕ್ಷತೆ ಕೊಟ್ಟು ಕರೆದೆ.

ಹತ್ತೂವರೆಗೆ ಆಟ. ಒಂದು ನರಪಿಳ್ಳೆಯೂ ಇಲ್ಲ. ನಾವು ಸೋತು, ಕೋಲು ಕಟ್ಟಿಡುವ ಹೊತ್ತಿಗೆ, ಅಂದರೆ ಹನ್ನೆರಡೂವರೆಗೆ, ರೇಷ್ಮೆ ಸೀರೆಗಳೂ ಗರಿಗರಿ ಪಂಚೆಗಳೂ ಗುಂಪುಗುಂಪಾಗಿ ಬಂದವು. ಅವರ ತಪ್ಪೇನೂ ಇಲ್ಲ. ನಮ್ಮೂರಲ್ಲಿ ಧಾರೆ ನೋಡಲು ಬರುವವರು ಯಾರು? ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು.

"ಮುಹೂರ್ತ ತಪ್ಪೋಯ್ತು ಮಾರಾಯ, ಬೇಜಾರ್ ಮಾಡ್ಕೋಬೇಡ. ಮೊದಲ್ನೇ ಪಂಕ್ತಿ ಎದ್ದಾಯ್ತಾ?"

ಕಾಯಂ ಪ್ರೇಕ್ಷಕ

ಭದ್ರಾವತಿಯ ನಿವೃತ್ತ ಕಾರ್ಖಾನೆ ನೌಕರರೊಬ್ಬರು ಮಾತ್ರ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ನನಗೆ ಹೃದಯ ತುಂಬಿ ಬಂತು. ಶಾಲು ಹೊದಿಸಿ, ನಮ್ಮ ತಂಡದಲ್ಲಿ ನಿಮಗೆ ಯಾರ ಆಟ ಇಷ್ಟ ಎಂದು ಕೇಳಿದೆ. ಅವರು ಸಂಕೋಚಪಟ್ಟರು. ಮನೆಯಲ್ಲಿ ಮೊಮ್ಮಕ್ಕಳ ಗಲಾಟೆಯಂತೆ. ಜಿಲ್ಲೆಯಲ್ಲಿ ಇಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲವಂತೆ. ಶಾಲನ್ನು ಅಲ್ಲೇ ಮಡಚಿ ತಲೆಗಿಟ್ಟುಕೊಂಡು ಮಲಗಿದರು.

ಪೇಟ

ಹಾಕಿ ಆಡುವ ಟರ್ಫ್‌ಗೆ ಪಂದ್ಯಕ್ಕೆ ಮುಂಚೆ ನೀರು ಹಾಯಿಸಬೇಕು, ಒಣಗಿದ್ದರೆ ಚೆಂಡು ಓಡುವುದಿಲ್ಲ. ಒಂದು ದಿನ ಉದ್ಘಾಟನೆಗೆ ಬರಬೇಕಾದ ಅತಿಥಿ ಕೈಕೊಟ್ಟರು. ಅವರಿಗೆಂದು ತಂದಿದ್ದ ಮೈಸೂರು ಪೇಟವನ್ನು ನಾನೇ ಇಟ್ಟುಕೊಂಡು, ಮೈದಾನದ ನಡುವೆ ನಿಂತು ಭಾಷಣ ಶುರು ಮಾಡಿದೆ. ಸಾಕು ಬನ್ನಿ ಎಂದು ಕೋಚ್ ಎರಡು ಸಲ ಕೈ ಬೀಸಿದರು. ಮೆಚ್ಚಿಕೊಂಡರು ಎಂದುಕೊಂಡು ಮುಂದುವರಿಸಿದೆ. ಆಗ ನಾಲ್ಕೂ ಮೂಲೆಯಿಂದ ನೀರು ಚಿಮ್ಮಿತು. ಯಾವ ಕಡೆ ಓಡಿದರೂ ಎದುರಿಗೊಂದು ಧಾರೆ. ಪಂಚೆ ಕಾಲಿಗೆ ಸುತ್ತಿಕೊಂಡು ಎರಡು ಸಲ ಬಿದ್ದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು.

ಮುಂದಿನ ವಾರ ಅದೇ ಪೇಟ ಇಟ್ಟುಕೊಂಡು ಹೋದರೆ, ಗ್ಯಾಲರಿ ತುಂಬಿತ್ತು. ಮೆಟ್ಟಿಲ ಮೇಲೂ ಜನ. ನನಗೆ ಅಳುವೇ ಬಂತು. ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡಿದ್ದ ಹೆಂಗಸೊಬ್ಬರು ನನ್ನನ್ನು ಹತ್ತಿರ ಕರೆದರು.

"ಅಣ್ಣ, ನಿಮಗೆ ನೀರು ಬಿಡೋದು ಎಷ್ಟು ಹೊತ್ತಿಗೆ? ತ್ಯಾವರೆಕೊಪ್ಪಕ್ಕೆ ಹುಲಿ ನೋಡೋಕೆ ಹೊರಟಿದ್ವಿ. ಮಕ್ಕಳು ಇದನ್ನೇ ನೋಡ್ಬೇಕು ಅಂತ ಹಠ ಹಿಡಿದ್ವು."

ಕೋಚ್ ಮುಖ ನೋಡಿದೆ. ಅವರು ಗ್ಯಾಲರಿ ನೋಡಿದರು. ಇಬ್ಬರಿಗೂ ಅರ್ಥವಾಯಿತು. ಚಪ್ಪಲಿ ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಪೇಟವನ್ನಾದರೂ ಉಳಿಸಿಕೊಳ್ಳೋಣ ಎಂದು ತೆಗೆಯಹೋದೆ.

"ಅದು ಇರ್ಲಿ ಸಾರ್," ಎಂದರು ಕೋಚ್. "ಜನ ವಿಡಿಯೋ ನೋಡ್ಕೊಂಡು ಬಂದಿದಾರೆ."