ಹಲ್ಲಿಲ್ಲದವರಿಗೆ ಮೊದಲ ಆದ್ಯತೆ

ಹಿರಿಯರ ಹಲ್ಲುಗಳನ್ನು ರಕ್ಷಿಸುವುದಕ್ಕಾಗಿ ನಮ್ಮ ವೃದ್ಧಾಶ್ರಮದ ಆಡಳಿತ ಮಂಡಳಿಯು ಕರೆಂಟ್ ಬ್ರಷ್ಷುಗಳನ್ನು ತರಿಸಿತು. ಆ ಬ್ರಷ್ಷುಗಳನ್ನು ಹಿರಿಯರ ಹಲ್ಲುಗಳಿಂದ ರಕ್ಷಿಸುವ ಹೊಣೆಯನ್ನು ಮೇಲ್ವಿಚಾರಕರಿಗೆ ವಹಿಸಿತು.

ಎರಡನೆಯ ಹೊಣೆಗೆ ಕಾರಣವಿತ್ತು. ಬ್ರಷ್ಷಿನ ತಿರುಗುವ ತಲೆ ಉಜ್ಜಿದಷ್ಟೂ ಸವೆಯುತ್ತದೆ, ಆಗಾಗ ಬದಲಿಸಬೇಕು. ಬ್ರಷ್ಷು ಕೊಳ್ಳಲು ಮಂಜೂರಾತಿ ಇತ್ತು, ತಲೆ ಕೊಳ್ಳಲು ಇರಲಿಲ್ಲ. ವರ್ಷದ ಕೊನೆಗೆ ತಪಾಸಣೆಗೆ ಬರುವವರು ಬ್ರಷ್ಷು ಹೊಸದಾಗಿಯೇ ಇದೆಯೇ ಎಂದು ನೋಡುತ್ತಾರೆಯೇ ಹೊರತು ಯಾರ ಬಾಯನ್ನೂ ತೆರೆಸಿ ನೋಡುವುದಿಲ್ಲ. ಮೇಲ್ವಿಚಾರಕರು ಬುದ್ಧಿವಂತರು. ಊಟದ ಕೋಣೆಯ ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

"ನಿವಾಸಿಗಳ ಗಮನಕ್ಕೆ. ವಿದ್ಯುತ್ ಚಾಲಿತ ಬ್ರಷ್ಷುಗಳನ್ನು ಹಲ್ಲುಗಳಿಲ್ಲದ ಹಿರಿಯರಿಗೆ ಮಾತ್ರ ವಿತರಿಸಲಾಗುವುದು. ಹಲ್ಲುಳ್ಳವರು ಈಗಾಗಲೇ ಹಲ್ಲಿನ ಸೌಲಭ್ಯ ಪಡೆಯುತ್ತಿರುವುದರಿಂದ ಕೈಬ್ರಷ್ಷನ್ನೇ ಬಳಸತಕ್ಕದ್ದು. ಪರಸ್ಪರ ಅದಲುಬದಲು ನಿಷಿದ್ಧ."

ಇದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಜನ ಸುಮ್ಮನೆ ಗೊಣಗುತ್ತ ಬಂದಿದ್ದರು. ಇವರು ಅದಕ್ಕೆ ಮೊಹರು ಹಾಕಿ ಜಾರಿಗೆ ತಂದರು, ಅಷ್ಟೇ.

ಮೊದಲ ಬ್ರಷ್ಷು ಬಡಗಿ ತಾತನಿಗೆ ಸಂದಿತು. ಅವರ ಬಾಯಲ್ಲಿ ಉಳಿದದ್ದು ನಾಲಿಗೆಯೊಂದೇ, ಅದೂ ಹರಿತವಾದದ್ದು.

"ಸಾರ್, ಇದನ್ನ ಇಟ್ಕೊಂಡು ನಾನೇನು ಬಾಗಿಲಿಗೆ ಪಾಲಿಷ್ ಹೊಡೀಲಾ?"

"ಹೊಡೀಬೇಡಿ ತಾತ, ಸವೆದು ಹೋಗುತ್ತೆ," ಎಂದರು ಮೇಲ್ವಿಚಾರಕರು. ನನಗೂ ಒಂದು ಸಿಕ್ಕಿತು, ಇದೇ ಅರ್ಹತೆಯ ಮೇಲೆ.

ದರ್ಜಿ ಅಜ್ಜಿಯ ಸಂಗತಿ ಬೇರೆ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವರು. ಈಗ ಕೈ ನಡುಗುತ್ತದೆ. ಸೂಜಿಗೆ ದಾರ ನಾವು ಪೋಣಿಸಿಕೊಡಬೇಕು, ಕತ್ತರಿ ಹಿಡಿಯಲಾಗದು. ಆದರೂ ಆಶ್ರಮದ ಪರದೆ, ದಿಂಬಿನ ಚೀಲ, ನಮ್ಮ ಅಂಗಿಯ ಗುಂಡಿ ಎಲ್ಲಕ್ಕೂ ಅವರೇ. ಹೊಲಿಗೆ ಸೊಟ್ಟಗಿದ್ದರೂ ಬಿಚ್ಚಿಕೊಳ್ಳುವುದಿಲ್ಲ. ಬಾಯಲ್ಲಿ ಉಳಿದಿದ್ದದ್ದು ಮುಂದಿನ ಎರಡೇ ಹಲ್ಲು, ಮೇಲೊಂದು ಕೆಳಗೊಂದು. ಕೆಲಸ ಮುಗಿದಾಗ ಅವುಗಳ ನಡುವೆ ದಾರ ಸಿಕ್ಕಿಸಿ ಕಟ್ಟೆಂದು ಕಡಿಯುತ್ತಿದ್ದರು. ಅವೆರಡು ಇರುವತನಕ ನಾನು ದರ್ಜಿ, ಹೋದ ಮೇಲೆ ಬರೀ ಅಜ್ಜಿ ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಭಯವಿತ್ತು.

ಕೈಬ್ರಷ್ಷಿನ ತೆಳ್ಳನೆ ಹಿಡಿ ಅವರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಹಲ್ಲು ತಪ್ಪಿ ಒಸಡಿಗೆ ಚುಚ್ಚಿ ರಕ್ತ ಬರುತ್ತಿತ್ತು. ಹಲ್ಲಿನ ಡಾಕ್ಟರಮ್ಮ ನೋಡಿ ಹೇಳಿದರು: "ಕೈ ಗಟ್ಟಿ ಇರೋರಿಗೆ ಯಾವ ಬ್ರಷ್ ಆದ್ರೂ ನಡೆಯುತ್ತೆ. ಇವರಿಗೆ ಮಾತ್ರ ಕರೆಂಟಿಂದೇ ಕೊಡಿ. ಹಿಡಿ ದಪ್ಪ ಇರುತ್ತೆ, ಹಲ್ಲಿಗೆ ತಾಗಿಸಿ ಹಿಡಿದ್ರೆ ಸಾಕು, ಅದೇ ಉಜ್ಜುತ್ತೆ."

ಅಜ್ಜಿ ಕಚೇರಿಗೆ ಹೋದರು.

"ಸಾರ್, ಕೈ ನಡುಗುತ್ತೆ. ನನಗೂ ಒಂದು ಕೊಡಿಸಿ."

"ಕೂತ್ಕೊಳ್ಳಿ ಅಜ್ಜಿ. ಆ ಬ್ರಷ್ಷು ಏನು ಮಾಡುತ್ತೆ ಹೇಳಿ?"

"ಅಲ್ಲಾಡುತ್ತೆ."

"ನಿಮ್ಮ ಕೈ?"

"ಅದೂ ಅಲ್ಲಾಡುತ್ತೆ."

"ಮತ್ತೆ? ಆ ಸೌಲಭ್ಯ ನಿಮಗೆ ಆಗ್ಲೇ ಸಿಕ್ಕಿದೆ. ಒಬ್ಬರಿಗೇ ಎರಡೆರಡು ಅಲ್ಲಾಟ ಕೊಟ್ರೆ ನಾಳೆ ಮೇಲಿನೋರಿಗೆ ನಾನು ಏನಂತ ಹೇಳ್ಲಿ?"

ಅಜ್ಜಿ ಎದ್ದು ಕೋಣೆಗೆ ಬಂದರು.

ಅಜ್ಜಿ ಹಳೇ ಟವೆಲ್ಲಿನ ತುಂಡೊಂದನ್ನು ಕೈಬ್ರಷ್ಷಿನ ಹಿಡಿಗೆ ಸುತ್ತಿ, ಹೊಲಿದು ದಪ್ಪ ಮಾಡಿಕೊಂಡರು. ರಕ್ತ ನಿಂತಿತು. ಆಶ್ರಮದ ಬ್ರಷ್ಷಿಗೆ ಅನುಮತಿಯಿಲ್ಲದೆ ಬಟ್ಟೆ ತೊಡಿಸಿದ್ದಾರೆಂದು ಮೇಲ್ವಿಚಾರಕರು ಅದನ್ನು ಬಿಚ್ಚಿಸಿದರು. ಆಗ ಬಡಗಿ ತಾತ ತಮ್ಮದನ್ನೇ ಶಾಲಿನೊಳಗೆ ಮುಚ್ಚಿಟ್ಟು ತಂದುಕೊಟ್ಟರು. "ತಗೊಳ್ಳಮ್ಮ, ಇದಿನ್ನೂ ಯಾರ ಬಾಯನ್ನೂ ನೋಡಿಲ್ಲ." ಗುಂಡಿ ಒತ್ತಿದೊಡನೆ ಅದು ದುಂಬಿಯ ಹಾಗೆ ಗುಂಯ್ ಎಂದಿತು, ಮೇಲ್ವಿಚಾರಕರು ಹಾಜರಾದರು. ಅಂದಿನಿಂದ ಬ್ರಷ್ಷುಗಳೆಲ್ಲ ಕಚೇರಿಯ ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಫಲಾನುಭವಿಗಳಾದ ನಾವು ಬೆಳಿಗ್ಗೆ ಸಾಲಾಗಿ ಹೋಗಿ ಗಾಜಿನ ಈಚೆಯಿಂದ ನೋಡಿ ಬರುತ್ತಿದ್ದೆವು.

ಒಂದು ಮಧ್ಯಾಹ್ನ ಅಜ್ಜಿ ಸಭಾಂಗಣದ ಪರದೆಯ ಅಂಚು ಹೊಲಿದು ಮುಗಿಸಿ ದಾರ ಕಚ್ಚಿದರು. ಕಟ್ಟೆಂದಿತು. ದಾರ ಹಾಗೇ ಇತ್ತು.

ಅಂಗೈಗೆ ಬಿದ್ದ ಹಲ್ಲನ್ನು ಅಜ್ಜಿ ಸೆರಗಿನ ತುದಿಯಲ್ಲಿ ಸುತ್ತಿಟ್ಟುಕೊಂಡರು. ನನಗೆ ಕೆಂಡದಂಥ ಸಿಟ್ಟು ಬಂತು. ಆದರೆ ದೂರು ಹೇಳುವ ವೇಳೆ ಮುಗಿದಿತ್ತು. ಜೊತೆಯಿಲ್ಲದ ಇನ್ನೊಂದು ಹಲ್ಲೂ ಕೆಲವೇ ದಿನಗಳಲ್ಲಿ ಹೋಯಿತು. ಸುದ್ದಿ ತಿಳಿದು ಮೇಲ್ವಿಚಾರಕರು ಓಡಿ ಬಂದರು.

"ಅಭಿನಂದನೆ ಅಜ್ಜಿ! ಈಗ ನೀವು ಅರ್ಹರು!"

ಸಭಾಂಗಣದಲ್ಲೇ ಸಮಾರಂಭ ನಡೆಯಿತು. ಆಶ್ರಮದಲ್ಲಿ ಹುಳುಕು ಹಲ್ಲುಗಳು ಗಣನೀಯವಾಗಿ ಕಡಿಮೆಯಾಗಿವೆ ಎಂದು ಅಧ್ಯಕ್ಷರು ಹೆಮ್ಮೆಯಿಂದ ಘೋಷಿಸಿ, ಅಜ್ಜಿಗೆ ಬ್ರಷ್ಷು ಹಸ್ತಾಂತರಿಸಿದರು. ಫೋಟೋದವನು, "ನಗಿ ಅಜ್ಜಿ. ಬಾಯಿ ಮುಚ್ಕೊಂಡು ನಗಿ," ಎಂದ. ಅಜ್ಜಿ ಹಾಗೆಯೇ ನಕ್ಕರು.

ವೇದಿಕೆ ಇಳಿಯುವಾಗ ಅಧ್ಯಕ್ಷರ ಕಣ್ಣು ಪರದೆಯ ಮೇಲೆ ಬಿತ್ತು. "ಇದೇನಿದು, ದಾರ ನೇತಾಡ್ತಿದೆ? ಕಡಿಯೋರು ಯಾರೂ ಇಲ್ವಾ?"

"ಇದ್ರು ಸಾರ್," ಎಂದರು ಅಜ್ಜಿ. "ಅವರಿಗೆ ಬ್ರಷ್ಷು ಬಂತು."

"ಬಹಳ ಸಂತೋಷ," ಎಂದರು ಅಧ್ಯಕ್ಷರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಜ್ಜಿಯೂ ತಟ್ಟಿದರು. ಅವರ ಕೈ ಖಾಲಿಯಿತ್ತು. ಫೋಟೋ ಆದ ಕೂಡಲೇ ಬ್ರಷ್ಷು ಬೀರುವಿಗೆ ಹೋಗಿತ್ತು.