ಕಾಕಾ ಆಟದ ಡಬ್ಬಿಯ ಹಲ್ಲು ನೋಡಿದ್ದು

ನಮ್ಮ ಕಾಕಾ ಹೆಣ್ಣು ನೋಡಲು ಹೋದಾಗ ಒಂದು ಕಪ್ ಚಹಾ ಕುಡಿದು ಮುಗಿಸುವುದರೊಳಗೆ ಹೂಂ ಅಂದುಬಿಟ್ಟಿದ್ದರಂತೆ. ಅದೇ ಕಾಕಾ, ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಆಟದ ಡಬ್ಬಿ ಆರಿಸಲು ಮೂರು ಊರು ಸುತ್ತಿ ಹತ್ತೊಂಬತ್ತು ದಿನ ತೆಗೆದುಕೊಂಡರು! ಈ ಲೆಕ್ಕ ಹೇಳಿದಾಗ ಅವರ ಹೆಂಡತಿ, ಅಂದರೆ ನಮ್ಮ ಕಾಕು, "ಖರೆ ನೋಡಿದ್ರ ಹತ್ತೊಂಬತ್ತು ದಿನ ನಮ್ಮಪ್ಪ ತಗೋಬೇಕಾಗಿತ್ತು" ಎಂದಿದ್ದರು.

ಕಾಕಾನ ತಪ್ಪೂ ಅಲ್ಲ ಬಿಡಿ. ನಾಗನೂರಿನ ನಮ್ಮ ಜೈನರ ಓಣಿಯಲ್ಲಿ ಎತ್ತಿನ ಪರೀಕ್ಷೆ ಅಂದರೆ ಕಾಕಾ. ಮೂಡಲಗಿಯ ದನದ ಸಂತೆಗೆ ಹೋಗುವವರು ರೊಟ್ಟಿ ಬುತ್ತಿ ಮರೆತಾರು, ಅವರನ್ನು ಮರೆಯುತ್ತಿರಲಿಲ್ಲ. ಹಲ್ಲು ನೋಡಿ, ಸುಳಿ ನೋಡಿ, ಇಪ್ಪತ್ತು ಹೆಜ್ಜೆ ನಡೆಸಿ, ಕೊನೆಗೆ ಮಾರುವವನ ಕೈ ಹಿಡಿದು ಮೇಲೆ ಟವೆಲು ಮುಚ್ಚುತ್ತಿದ್ದರು. ಆ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಟವೆಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ, ಬೆರಳು ಒತ್ತಿಯೇ ಉತ್ತರ ಕೊಡುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ಅರಭಾವಿಯಲ್ಲಿ ನೌಕರಿ ಸಿಕ್ಕ ಖುಷಿಗೆ ನಾನೊಂದು ಹಳೆಯ ಸ್ಕೂಟರು ತಂದಾಗ, ಕಾಕಾ ಅದನ್ನೂ ಓಣಿಯಲ್ಲಿ ಇಪ್ಪತ್ತು ಹೆಜ್ಜೆ ತಳ್ಳಿಸಿ ನೋಡಿ, "ತಮ್ಮಾ, ಇದು ಹಿಂದಿನ ಕಾಲು ಎಳೀತೈತಿ" ಎಂದಿದ್ದರು. ಎಂಟು ದಿನದಲ್ಲಿ ಹಿಂದಿನ ಗಾಲಿ ಕಳಚಿತು. ಆ ಮಾತು ಬೇರೆ!

ಈಗ ಡಬ್ಬಿಯ ಕಥೆ. ತೊಂಬತ್ತರ ದಶಕದಲ್ಲಿ ಸಾಂಗ್ಲಿಯಿಂದ ಕಾಕುವಿನ ತಮ್ಮ ಒಂದು ಆಟದ ಡಬ್ಬಿ ತಂದುಕೊಟ್ಟಿದ್ದ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ಎಡಗಡೆಯ ಗುಂಡಿಗಳಿಂದ ಅವನ್ನು ಸರಿಸಬೇಕು, ಬಲಗಡೆಯ ದೊಡ್ಡ ಗುಂಡಿಯಿಂದ ತಿರುಗಿಸಬೇಕು, ಸಾಲು ತುಂಬಿಸಬೇಕು. ದಿನಾ ಮಧ್ಯಾಹ್ನ ಗಂಡ ಹೆಂಡತಿ ಆಡುವುದು, ಸೋತವರು ಚಹಾ ಮಾಡುವುದು. ಹತ್ತು ವರ್ಷ ಕಾಕಾನೇ ಚಹಾ ಮಾಡಿದರು. ಇಡೀ ನಾಗನೂರಿನಲ್ಲಿ ಅವರಷ್ಟು ಛಲೋ ಚಹಾ ಮಾಡುವ ಗಂಡಸು ಇನ್ನೊಬ್ಬನಿರಲಿಲ್ಲ.

ಆಮೇಲೆ ಕಾಕುವಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಕೂತುಬಿಟ್ಟಿತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟು, ಬೆರಳು ಆಡಿಸುತ್ತಲೇ ಇರಬೇಕು, ಈಗ ಬಿಟ್ಟರೆ ಆ ಕೈ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಕಾಕು ಎಡಗೈಯಿಂದ ಚೆಂಡನ್ನು ಕೊಟ್ಟಿಗೆಗೆ ಎಸೆದರು. "ನಾ ಏನ್ ಸಣ್ಣ ಕೂಸೇನ್ರಿ? ಆಡಿದ್ರ ನನ್ನ ಡಬ್ಬಿ ಆಡ್ತಿದ್ದೆ. ಅದೂ ಸತ್ತೈತಿ" ಎಂದು ಗೋಡೆಯ ಕಡೆ ತಿರುಗಿದರು. ಸೆಲ್ಲು ಸೋರಿ ಡಬ್ಬಿ ಹಾಳಾಗಿ ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ಕಾಕಾ ಹೆಗಲಿಗೆ ಟವೆಲು ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತರು.

ಮೊದಲು ಮೂಡಲಗಿ. ಅಂಗಡಿಯವನು ಹೊಸ ಮಾಲು ತೆಗೆದ. "ಹಳೇ ಇಟ್ಟಂಗಿ ಆಟ ಯಾರ್ ಆಡ್ತಾರ್ರಿ ಈಗ? ಇದರಾಗ ಬಣ್ಣಾ ಐತಿ, ಬಂದೂಕು ಐತಿ!"

ಕಾಕಾ ಗುಂಡಿ ಒತ್ತಿದರು. ಪರದೆಯ ಮೇಲೆ ಒಬ್ಬ ಧೊಪ್ಪೆಂದು ಬಿದ್ದು ಸತ್ತ. ನೀರನ್ನೂ ಸೋಸಿ ಕುಡಿಯುವ, ಹೊತ್ತು ಮುಳುಗಿದರೆ ತುತ್ತು ಮುಟ್ಟದ ಕಾಕಾ ಡಬ್ಬಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. ಅಂಗಡಿಯವನು ಹಾವಿನ ಆಟ ತೋರಿಸಿದ.

"ಏನ್ ತಿಂತೈತಿ ಇದು?"

"ಕಪ್ಪಿ ಇರಬೇಕ್ರಿ..." ಎಂದವನು ಕಾಕಾನ ಮುಖ ನೋಡಿ ಥಟ್ಟನೆ ಮಾತು ಬದಲಿಸಿದ. "ಅಲ್ಲಲ್ರಿ, ಕಾಳು! ಬರೇ ಕಾಳು!"

ಕಾಕಾ ಕನ್ನಡಕ ಏರಿಸಿ ನೋಡಿದರು. "ಹೊತ್ತು ಮುಳುಗಿದ ಮ್ಯಾಲೂ ತಿಂತೈತೇನು?"

ಅಂಗಡಿಯವನು ತೆಪ್ಪಗೆ ಸ್ವಿಚ್ಚು ಆರಿಸಿದ.

ಮುಂದಿನ ವಾರ ಗೋಕಾಕ. ಅಲ್ಲಿ ಇಟ್ಟಿಗೆ ಆಟವೇ ಸಿಕ್ಕಿತು, ಆದರೆ ಡಬ್ಬಿಯ ಮೇಲೆ ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು. ನೀವು ನಾನಾದರೆ ನಕ್ಕು ಬಿಡುತ್ತೇವೆ. ಕಾಕಾ ಬಿಡುತ್ತಾರೆಯೇ? ಸ್ಟೂಲು ಎಳೆದು ಕೂತು ಒಂದೊಂದಾಗಿ ಎಣಿಸತೊಡಗಿದರು! ನಾನು ಕರದಂಟಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಾಜೂಕ್ಕೆ ಕೂತೆ. ಹೊತ್ತು ಇಳಿಯುವಾಗ ಕಾಕಾ ತೀರ್ಪು ಕೊಟ್ಟರು. "ಎಂಟ ಆಟ ಅದಾವ. ಉಳಿದದ್ದೆಲ್ಲಾ ಅದ ಆಟ, ಜರಾ ಜೋರ್ ಓಡ್ತೈತಿ. ಒಂದ ಎತ್ತಿಗೆ ಸಾವಿರ ಹೆಸರಿಟ್ಟು ಮಾರ್ತೀರಲ್ಲೋ!"

"ಬೇಕೋ ಬ್ಯಾಡೋ ಹೇಳ್ರಿ ಕಾಕಾ, ಅಂಗಡಿ ಮುಚ್ಚಬೇಕು."

ಕಾಕಾ ಆಗ ಬಲಗೈ ಹೆಬ್ಬೆರಳನ್ನು ಜೀವವಿಲ್ಲದಂತೆ ಮಾಡಿ ದೊಡ್ಡ ಗುಂಡಿಯ ಮೇಲೆ ಇಟ್ಟರು. ಗುಂಡಿ ಇಳಿಯಲಿಲ್ಲ. "ಬಿರುಸೈತಿ."

"ಜರಾ ಜೋರ್ ಒತ್ರಿ, ಇಳಿತೈತಿ."

"ಜೋರ್ ಒತ್ತಾಕ ಬರೂದಿಲ್ಲೋ ಮಾರಾಯಾ" ಎಂದು ಎದ್ದುಬಿಟ್ಟರು. ಯಾರಿಗೆ ಬರುವುದಿಲ್ಲ ಎಂದು ಹೇಳಲಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗಿದ್ದ, ನಮ್ಮಿಬ್ಬರ ಸಂಜೆಯ ಊಟವೂ ಮುಳುಗಿತ್ತು. ಕರದಂಟಿನ ಪೊಟ್ಟಣ ಬಿಚ್ಚದೆ ಊರು ಮುಟ್ಟಿತು. ಧರ್ಮಕ್ಕಾಗಿ ಉಪವಾಸ ಮಾಡಿದವರನ್ನು ನೋಡಿದ್ದೇನೆ. ಎಂಟು ಆಟಕ್ಕಾಗಿ ಮಾಡಿದವರು ನಾವಿಬ್ಬರೇ ಇರಬೇಕು.

ಕೊನೆಗೆ ಹುಕ್ಕೇರಿ. ಗಡಿಯಾರ ರಿಪೇರಿಯ ಒಬ್ಬ ಮುದುಕರ ಅಂಗಡಿ. ಗಾಜಿನ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಡಬ್ಬಿ. ಕಾಕಾ ಅದನ್ನು ಊದಿದರು, ಕಿವಿಗೆ ಹಿಡಿದು ಅಲ್ಲಾಡಿಸಿದರು, ಬಾಯಿ ತೆಗೆಸಿದರು, ಅಂದರೆ ಸೆಲ್ಲಿನ ಮುಚ್ಚಳ. ಆಮೇಲೆ ಸತ್ತ ಹೆಬ್ಬೆರಳು ಇಟ್ಟರು. ಗುಂಡಿ ತಾನಾಗಿ ಇಳಿಯಿತು!

ಮುದುಕರು ಸಂಕೋಚಪಟ್ಟರು. "ಅದು ಮಾರೂ ಮಾಲಲ್ರಿ. ಬಂದ ಮಂದಿ ಎಲ್ಲಾ ಒತ್ತಿ ಒತ್ತಿ ಗುಂಡಿ ಸಡ್ಲ ಆಗೇತಿ. ಐಬು ಐತಿ ಅದಕ್ಕ."

ಜೀವಮಾನವಿಡೀ ಐಬು ಹುಡುಕಿ ಮಾಲು ತಿರುಗಿಸಿದ ಕಾಕಾ, ಐಬು ಕೇಳಿ ಹಿಗ್ಗಿದ್ದನ್ನು ಅವತ್ತೇ ನೋಡಿದ್ದು. ಮುದುಕರ ಕೈ ಹಿಡಿದು ಟವೆಲು ಮುಚ್ಚಿದರು. ಮುದುಕರೂ ಸಂತೆ ಕಂಡವರೇ. ವಾಚಿನ ಬೆಲ್ಟು ಕೊಳ್ಳಲು ಬಂದವನೊಬ್ಬ, ಇಲ್ಲಿ ಎತ್ತು ಎಲ್ಲಿದೆ ಎಂದು ಅಂಗಡಿಯ ಹೊರಗೆಲ್ಲ ಹುಡುಕಿ ಬಂದ.

ಮನೆಗೆ ಬಂದು ಡಬ್ಬಿಯನ್ನು ಕಾಕುವಿನ ಮಡಿಲಲ್ಲಿಟ್ಟು, ಅವರ ಬಲಹೆಬ್ಬೆರಳನ್ನು ಕಾಕಾನೇ ಎತ್ತಿ ಆ ಸಡಿಲ ಗುಂಡಿಯ ಮೇಲಿಟ್ಟರು. ಆಟ ಶುರುವಾಯಿತು. ಎಡಗೈ ಹಳೆಯ ಚುರುಕಿನಲ್ಲಿ ಇಟ್ಟಿಗೆ ಸರಿಸಿತು. ಗುಂಡಿ ಇಳಿದೇ ಇತ್ತು, ಮತ್ತೆ ಒತ್ತಲು ಬಲಹೆಬ್ಬೆರಳು ಏಳಲಿಲ್ಲ. ಒಂದು ಇಟ್ಟಿಗೆಯೂ ತಿರುಗಲಿಲ್ಲ. ಮೂರು ಸಲ ಹೀಗೇ ಆಯಿತು. ಕಾಕು ಡಬ್ಬಿಯನ್ನು ಸರಿಸಿದರು.

"ಎತ್ತ ಏಳವಲ್ದು, ನೊಗ ತಂದು ಏನ್ ಮಾಡ್ತೀರಿ?"

ಕಾಕಾ ಹೆಗಲ ಟವೆಲು ತೆಗೆದು ಕಾಕುವಿನ ಬಲಗೈ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. "ಎಷ್ಟಕ್ಕ ತಂದೆ ಅಂತ ಕೇಳ್ಲೇ ಇಲ್ಲಲ್ಲ ನೀ? ತಗೋ, ಹೇಳ್ತೇನಿ."

"ಹುಚ್ಚ ಹಿಡದೈತಿ ಇವರಿಗೆ!" ಎಂದರು ಕಾಕು. ಕೈ ಎಳೆದುಕೊಳ್ಳಲು ಹೇಗೂ ಆಗುತ್ತಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಟವೆಲಿನ ಕೆಳಗೆ ವ್ಯಾಪಾರ. ಹೆಂಗಸರು ಕಾಲಿಡದ ಸಂತೆಯ ಬೆರಳಭಾಷೆಯನ್ನು ಕಾಕಾ ಹೆಂಡತಿಗೆ ಕಲಿಸಿದರು. ಒಂದು ದಿನ ಎತ್ತು ಮಾರಲು ಬಂದರು, ಒಂದು ದಿನ ಬಾವಿ, ಒಂದು ದಿನ ಮನೆಯ ಮಾಳಿಗೆ. ಕಾಕಾನೇ ಹೊಗಳುವುದು, ಕಾಕಾನೇ ದರ ಇಳಿಸುವುದು. ಆ ಕಡೆಯ ಬೆರಳು ಮಾತ್ರ ಅಲ್ಲಾಡಲಿಲ್ಲ. ಪಕ್ಕದಲ್ಲಿ ಹುಕ್ಕೇರಿಯ ಡಬ್ಬಿ ಸುಮ್ಮನೆ ಕಾಯುತ್ತಿತ್ತು.

ಎರಡು ತಿಂಗಳಾಗಿರಬೇಕು. ಅವತ್ತು ಮಾರಾಟಕ್ಕೆ ನನ್ನ ಸ್ಕೂಟರು! ನಾನು ಎದುರಿಗೇ ಕೂತಿದ್ದೆ. "ಕುದ್ರಿ ಹಂಗ ಓಡ್ತೈತಿ, ಮೂರು ಬೆರಳಿಗೆ ಕೊಡ್ತೇನಿ, ಹೋಗ್ಲಿ ಎರಡು..." ಎನ್ನುತ್ತಿದ್ದ ಕಾಕಾ ತಟ್ಟನೆ ನಿಂತರು. ಟವೆಲಿನ ಅಂಚು ಅಲ್ಲಾಡಿತು.

"ಒಂದ ಬೆರಳು. ಅದಕ್ಕಿಂತಾ ಹೆಚ್ಚ ಕೊಡೂದಿಲ್ಲ" ಎಂದರು ಕಾಕು. "ಹಿಂದಿನ ಕಾಲು ಎಳೀತೈತಿ ಅದು."

ಸಂತೆಯಲ್ಲಿ ಮೊದಲ ಮಾತಿಗೆ ಎಂದೂ ಒಪ್ಪದ ಕಾಕಾ, "ಆತು, ಕೊಟ್ಟೆ" ಎಂದರು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಟವೆಲು ತೆಗೆಯಲಿಲ್ಲ. ಹಿಡಿದ ಕೈ ಇಬ್ಬರೂ ಬಿಡಲೊಲ್ಲರು. ಅವತ್ತಿನ ಚಹಾ ನಾನೇ ಮಾಡಿದೆ.