ದೀಪ ಶಾಂತ ಆಗ್ಲಿ, ಅಣ್ಣ

ಇದನ್ನು ಬರೆಯಬೇಕು ಅಂದುಕೊಂಡು ವರ್ಷಗಳೇ ಆದವು. ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ನೆಪ ಸಿಕ್ಕಿಬಿಡುತ್ತಿತ್ತು. ಒಮ್ಮೆ ಕನ್ನಡಕ, ಒಮ್ಮೆ ಮಂಡಿನೋವು, ಒಮ್ಮೆ ಹೆಂಡತಿ ಕರೆದಳು ಅಂತ. ಅವಳು ಕರೆದೇ ಇರಲಿಲ್ಲ! ಈಗ ನೆಪಗಳೆಲ್ಲ ಖಾಲಿ. ಆದ್ದರಿಂದ ಹೇಳಿಯೇ ಬಿಡುತ್ತೇನೆ: ಕಾರಿಗೂ ದಣಿವಾಗುತ್ತದೆ, ಅದಕ್ಕೂ ಸುಧಾರಿಸಿಕೊಳ್ಳಲು ಟೈಮ್ ಕೊಡಬೇಕು ಅಂತ ನಂಬಿರುವ ಮನುಷ್ಯ ಈ ಬೆಂಗಳೂರಿನಲ್ಲಿ ಒಬ್ಬನೇ ಒಬ್ಬ. ಅವನು ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಆರಿಸಿಕೊಂಡದ್ದು ನಾನಲ್ಲ, ನಮ್ಮ ಮಾವನವರು!

ಅವನ ಊರು ಹುಣಸಮಾರನಹಳ್ಳಿ. ವಿಮಾನ ನಿಲ್ದಾಣ ಬಂದ ಮೇಲೆ ಆ ರಸ್ತೆಯ ಪಕ್ಕದ ಜಮೀನಿಗೆಲ್ಲ ಬೆಲೆ ಬಂತು. ಮಾರಿದವರು ಒಬ್ಬರಾದ ಮೇಲೊಬ್ಬರು ಬಿಳಿ ಬಣ್ಣದ ದೊಡ್ಡ ದೊಡ್ಡ ಗಾಡಿ ತಂದರು. ಒಂದೊಂದನ್ನೂ ಹತ್ತಬೇಕಾದರೆ ಏಣಿ ಬೇಕು. ನನ್ನ ಷಡ್ಡಕನೂ ಒಂದು ತುಂಡು ಮಾರಿದ. ತಂದದ್ದೇನು? ಇಬ್ಬರ ಕೈ ದಾಟಿ ಬಂದ ಒಂದು ಪುಟ್ಟ ಡೀಸೆಲ್ ಕಾರು! ಒಂದು ಕಾಲಕ್ಕೆ ಕೆಂಪಗಿದ್ದಿರಬೇಕು. ಇವನ ಮನೆಗೆ ಬರುವಾಗ ಹಿಂದಿನ ದಿನದ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತ್ತು.

"ಏನಯ್ಯಾ ಇದು, ಕಾರಿನ ಮರಿನಾ?" ಅಂದೆ.

"ಮರಿ ಅಲ್ಲ ಅಣ್ಣ, ಎತ್ತು. ಏನ್ ಆಕಿದ್ರೂ ಒರ್ತದೆ" ಅಂದ.

ಬಂಕಿನ ಹುಡುಗರು ಮರೆತು ಪೆಟ್ರೋಲ್ ಹಾಕಿಬಿಟ್ಟರೆ ಅನ್ನುವ ಭಯ ಅವನಿಗೆ. ಅದಕ್ಕೆ ಟ್ಯಾಂಕಿನ ಮುಚ್ಚಳದ ಮೇಲೆ 'ಡೀಸೆಲ್' ಅಂತ ಬಿಳಿ ಪೇಂಟಿನಲ್ಲಿ ಬರೆಸಿದ. ಅಷ್ಟಕ್ಕೇ ಸಮಾಧಾನವಾಗದೆ ಹಿಂದಿನ ಗಾಜಿನ ಮೇಲೂ ಬರೆಸಿದ. ಕೊನೆಗೆ ಬಾನೆಟ್ ಮೇಲೆ! ದೇವರ ಹೆಸರೋ ಮಕ್ಕಳ ಹೆಸರೋ ಬರೆಸುವ ಜಾಗದಲ್ಲಿ ಯಾರಾದರೂ ಎಣ್ಣೆಯ ಹೆಸರು ಬರೆಸುತ್ತಾರೆಯೇ? ಆವತ್ತೇ ನಾನು ಅವನಿಗೆ 'ಡೀಸೆಲ್' ಅಂತ ನಾಮಕರಣ ಮಾಡಿದೆ. ಮುಂದಿನ ಹಬ್ಬದ ಹೊತ್ತಿಗೆ ನಂಟರಿಷ್ಟರೆಲ್ಲ ಹಾಗೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ನಮ್ಮ ಮನೆಯಲ್ಲಿ ಸವೆದೇ ಹೋಯಿತು.

ನನ್ನ ಹತ್ತಿರವೂ ಕಾರಿತ್ತು, ಮತ್ತೆ! ಬೆಳ್ಳಿ ಬಣ್ಣದ್ದು, ಉದ್ದದ್ದು, ಪೆಟ್ರೋಲಿನದು. ಆದರೆ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಒಂದು ಸಲ ಹೊರಗೆ ತೆಗೆದರೆ ಮುಗಿಯಿತು, ವಾಪಸ್ ಬರುವಷ್ಟರಲ್ಲಿ ಆ ಜಾಗದಲ್ಲಿ ಬೇರೆ ಯಾರದೋ ಗಾಡಿ. ಹಾಗಾಗಿ ಅದು ಸದಾ ಕವರ್ ಹೊದ್ದು ಮಲಗಿರುತ್ತಿತ್ತು. ಆಯುಧಪೂಜೆಯ ದಿನ ನಾಲ್ಕು ನಿಂಬೆಹಣ್ಣು ಹಿಸುಕಿ ಮತ್ತೆ ಹಾಸಿಗೆಗೆ. ಗ್ಯಾಸ್ ಸಿಲಿಂಡರ್ ತರಬೇಕಾ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾ, ಕೆಟ್ಟ ಮಿಕ್ಸಿಯನ್ನು ಯಶವಂತಪುರಕ್ಕೆ ರಿಪೇರಿಗೆ ಸಾಗಿಸಬೇಕಾ? "ಡೀಸೆಲ್‌ಗೆ ಫೋನ್ ಮಾಡು" ಅನ್ನುತ್ತಿದ್ದೆ. ಅವನು ಬರುತ್ತಿದ್ದ. ಬಂದ ಮೇಲೆ ಅವನನ್ನು ಆಡಿಕೊಳ್ಳುತ್ತಿದ್ದೆ.

ಆಡಿಕೊಳ್ಳದೆ ಇನ್ನೇನು ಮಾಡಲಿ? ಆ ಹಳೇ ಗಾಡಿಯಲ್ಲಿ ಕೀಲಿ ಅರ್ಧ ತಿರುಗಿಸಿದರೆ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಎಂಜಿನ್ ಒಳಗೆ ಕಾದ ಮೇಲೆ ಆರುತ್ತದೆ, ಆಮೇಲೆ ಸ್ಟಾರ್ಟ್ ಮಾಡಬೇಕು. ಕಣ್ಣು ನಾಲ್ಕು ಸಲ ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆ ಹೊತ್ತಿನಲ್ಲಿ ಇವನು ಮಂಗಳಾರತಿಗೆ ನಿಂತವನಂತೆ ಕೈ ಮುಗಿದು ಕೂರುತ್ತಾನೆ. ಯಾರೂ ಪಿಟಕ್ ಅನ್ನಬಾರದು!

"ಡೀಸೆಲ್, ದಾರೀಲಿ ಒಂದು ಹಾಲಿನ ಪ್ಯಾಕೆಟ್..."

"ಷ್! ದೀಪ ಆರ್ಲಿ ಅಣ್ಣ."

ಹಿಂದಿನ ಸೀಟಿನಿಂದ ಅತ್ತೆ ಕೂಗಿದರು: "ಮಂಗಳವಾರದ ದಿನ ದೀಪ ಆರ್ಲಿ ಅಂತೀಯಲ್ಲೋ, ನಿನ್ ಬಾಯಿಗೆ ಮಣ್ಣಾಕ!"

ಅಂದಿನಿಂದ "ದೀಪ ಶಾಂತ ಆಗ್ಲಿ" ಅನ್ನತೊಡಗಿದ. ಇನ್ನು ಊರು ಮುಟ್ಟಿದ ಮೇಲೆ ಎಂಜಿನ್ ತಕ್ಷಣ ನಿಲ್ಲಿಸುವುದುಂಟೇ? ಓಡಿ ಬಂದದ್ದು ಉಸಿರು ತಗೊಳ್ಳಬೇಕು. ಯಾರ ಮನೆಗೆ ಹೋಗಲಿ, ಇವನು ಚಪ್ಪಲಿ ಬಿಟ್ಟು, ನೀರು ಕುಡಿದು, ಎಲ್ಲರ ಯೋಗಕ್ಷೇಮ ವಿಚಾರಿಸಿ, ಮತ್ತೆ ಹೊರಗೆ ಹೋಗಿ ಗಾಡಿ ಆಫ್ ಮಾಡಿ ಬರುತ್ತಿದ್ದ. ಅಷ್ಟರಲ್ಲಿ ಆ ಮನೆಯ ಕಿಟಕಿ ಗಾಜುಗಳೆಲ್ಲ ಒಂದು ಸುತ್ತು ಕುಣಿದು ಮುಗಿಸಿರುತ್ತಿದ್ದವು.

ಒಮ್ಮೆ ಹೆಬ್ಬಾಳದ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಮುಂದಿನ ಸೀಟಿನಲ್ಲಿ ಒಂದು ಮೇಕೆ ಕೂತಿತ್ತು. ಹಿಂದೆ ಅವರೆಕಾಯಿ ಮೂಟೆಗಳ ನಡುವೆ ಅತ್ತೆ ಮತ್ತು ನಾನು.

"ಏನ್ರೀ ಇದು? ದೊಡ್ಡವರನ್ನ ಹಿಂದೆ ಹಾಕಿ ಮೇಕೇನ ಮುಂದೆ ಕೂರಿಸಿದ್ದೀರಾ?"

"ಹಿಂದೆ ಬಿಟ್ರೆ ನಮ್ಮತ್ತೆ ಸೆರಗು ತಿಂತದೆ ಸಾರ್."

"ಸರಿ, ನಿಮ್ಮ ಬೆಲ್ಟ್ ಎಲ್ಲಿ?"

"ಮೇಕೆಗೆ ಆಕಿದೀನಲ್ಲ ಸಾರ್!"

ಪೊಲೀಸಿನವನು ಮೇಕೆಯನ್ನು ನೋಡಿದ. ನಿಜಕ್ಕೂ ಬೆಲ್ಟ್ ಹಾಕಿತ್ತು. ನಗು ತಡೆಯಲಾರದೆ "ಹೋಗಿ, ಹೋಗಿ" ಅಂದುಬಿಟ್ಟ. ನಾನು ಮಾತ್ರ ಗುರುತಿನವರು ಯಾರಾದರೂ ನೋಡಿಯಾರು ಅಂತ ಮೂಟೆಯ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಮಾಡಿದ್ದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುವ ಕೆಲಸ, ಆದರೆ ಮರ್ಯಾದೆ ಮಾತ್ರ ಡೆಪ್ಯುಟಿ ಕಮಿಷನರದ್ದು!

ಈ ಮರ್ಯಾದೆಯೇ ನನ್ನ ಮಗಳ ಮದುವೆಯಲ್ಲಿ ಕೆಲಸ ಕೆಡಿಸಿದ್ದು.

ಯಲಹಂಕದ ಒಂದು ಛತ್ರ. ಹಿಂದಿನ ದಿನ ಸಂಜೆ ಬೀಗರು ಬರಬೇಕು, ಬಾಗಿಲಲ್ಲಿ ಎದುರುಗೊಳ್ಳಬೇಕು. ತರಕಾರಿ ತರಬೇಕಿದ್ದ ಟೆಂಪೋ ಕೈಕೊಟ್ಟಿತು. ಮಾಮೂಲಿನಂತೆ, ಡೀಸೆಲ್‌ಗೆ ಫೋನ್. ಅವನು ಸೀಟು ಮಡಚಿ, ಯಶವಂತಪುರದಿಂದ ಈರುಳ್ಳಿ, ಕುಂಬಳಕಾಯಿ, ಬಾಳೆಎಲೆ ತುಂಬಿಕೊಂಡು ಬಂದ. ಸರಿಯಾಗಿ ಬೀಗರ ಬಸ್ಸು ನಿಂತ ಗಳಿಗೆಗೆ, ಛತ್ರದ ಮುಂಬಾಗಿಲಿಗೇ ಬಂದ! ಓಲಗದವರು ಶುರು ಮಾಡಿದರು. ಇವನ ಗಾಡಿ ಉಸಿರು ತಗೊಳ್ಳುತ್ತಾ, ಆರತಿ ಹಿಡಿದ ಹೆಂಗಸರ ಮೇಲೆ ಕಪ್ಪು ಹೊಗೆ ಬಿಡುತ್ತಾ ನಿಂತಿತ್ತು.

ಬೀಗರು ಮೂಗಿಗೆ ಕರ್ಚೀಫ್ ಹಿಡಿದು, "ಯಾರದ್ರೀ ಈ ಗಾಡಿ?" ಅಂದರು.

ನಮ್ಮ ಷಡ್ಡಕರದ್ದು ಅನ್ನಲು ಎಷ್ಟು ಹೊತ್ತು ಬೇಕು? ನಾನು ಅಂದದ್ದು: "ಅಡುಗೆಯವರದ್ದು ಕಣ್ರೀ. ಏಯ್, ಹಿಂದಕ್ಕೆ ತಗೊಳ್ಳಯ್ಯಾ!"

ಅವನು ನನ್ನ ಮುಖ ನೋಡಿದ. "ಆಯ್ತು ಸ್ವಾಮಿ" ಅಂದ. ಅಣ್ಣ ಅನ್ನಲಿಲ್ಲ. ಗಾಡಿಯನ್ನು ಛತ್ರದ ಹಿಂದಕ್ಕೆ, ಅಡುಗೆಮನೆಯ ಬಾಗಿಲಿಗೆ ತಗೊಂಡು ಹೋದ. ಹೋದೊಡನೆ ಎಂಜಿನ್ ನಿಂತದ್ದು ಓಲಗದ ನಡುವೆಯೂ ನನಗೆ ಕೇಳಿಸಿತು. ಆವತ್ತು ಅದಕ್ಕೆ ಉಸಿರು ತಗೊಳ್ಳಲು ಬಿಡಲಿಲ್ಲ.

ನನ್ನ ಹೆಂಡತಿ ಅವನಿಗೆ ಅಂತ ತೆಗೆದಿದ್ದ ಹೊಸ ಪಂಚೆ ಶರಟು ಕವರಿನಲ್ಲೇ ಉಳಿಯಿತು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಅಡುಗೆಯವರ ಜೊತೆ ಈರುಳ್ಳಿ ಹೆಚ್ಚುತ್ತಾ ಕೂತ. ಬೀಗರು ಅತ್ತ ಹೋಗಿ, "ಏನಪ್ಪಾ, ಒಂದು ಕಾಫಿ ಸಿಗುತ್ತಾ?" ಅಂದರೆ ತಾನೇ ತಂದುಕೊಟ್ಟ. ಬೀಗರು ನನ್ನ ಹತ್ತಿರ ಬಂದು, "ನಿಮ್ಮ ಅಡುಗೆಯವರು ಬಹಳ ವಿನಯದ ಜನ" ಅಂತ ಹೊಗಳಿದರು!

ಬೆಳಿಗ್ಗೆ ಧಾರೆ. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಹಾಲು ಎರೆಯುವುದು ಪದ್ಧತಿ. ನಾದಿನಿಯ ಸರದಿ ಬಂತು. ಅವಳು ಒಬ್ಬಳೇ ಚೊಂಬು ಹಿಡಿದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು.

"ಅಪ್ಪಾ, ಚಿಕ್ಕಪ್ಪ ಎಲ್ಲಿ?" ಅಂದಳು ಮಗಳು. ಅವಳಿಗೆ ಆ ಬೀಟ್‌ರೂಟ್ ಗಾಡಿಯಲ್ಲೇ ಡ್ರೈವಿಂಗ್ ಕಲಿಸಿದವನು ಅವನು.

"ಗಾಡಿ ಆಫ್ ಮಾಡಕ್ಕೆ ಹೋಗಿರ್ಬೇಕು!" ಅಂದೆ. ನಮ್ಮ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ನಾದಿನಿ ಒಬ್ಬಳೇ ಹಾಲು ಎರೆದಳು.

ಅವನು ಯಾಕೆ ಬರಲಿಲ್ಲ ಅಂತ ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಅಡುಗೆಯವನು ಬಂದು ಧಾರೆ ಎರೆದರೆ ಬೀಗರ ಮುಂದೆ ನನ್ನ ಸುಳ್ಳು ಬಯಲಾಗುತ್ತಿತ್ತು. ಎತ್ತಿಕೊಂಡು ಆಡಿಸಿದ ಹುಡುಗಿಯ ಧಾರೆಯನ್ನು ಬಿಟ್ಟು ಅವನು ನನ್ನ ಸುಳ್ಳನ್ನು ಕಾಪಾಡಿದ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮೊಮ್ಮಗನ ನಾಮಕರಣ ನಮ್ಮ ಮನೆಯಲ್ಲಿ. ಮಗಳು ಡೀಸೆಲ್‌ನ ಕೈ ಹಿಡಿದು ಎಳೆತಂದು, "ಇವರು ನಮ್ಮ ಚಿಕ್ಕಪ್ಪ" ಅಂತ ಬೀಗರಿಗೆ ತೋರಿಸಿದಳು. ಬೀಗರು ಕಣ್ಣು ಕಿರಿದು ಮಾಡಿ ನನ್ನ ಕಡೆ ತಿರುಗಿದರು.

"ಅವತ್ತು ಇವರನ್ನ ಅಡುಗೆಯವರು ಅಂದ್ರಲ್ಲ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅವನೇ ಬಾಯಿ ಹಾಕಿದ: "ನಾನೇ ಅಂಗೇಳು ಅಂದಿದ್ದೆ ಸ್ವಾಮಿ. ನಂಟ ಅಂದ್ರೆ ಎಲೆ ಮುಂದೆ ಕೂರಿಸ್ತಾರೆ. ಅಡುಗೆಯವನು ಅಂದ್ರೆ ಬಿಸಿ ಬೋಂಡ ಬಾಣಲಿಯಿಂದ್ಲೇ ಸಿಗ್ತದೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನನ್ನ ಬೆಳ್ಳಿ ಕಾರು ಕವರಿನೊಳಗೇ ತುಕ್ಕು ಹಿಡಿದು ಗುಜರಿಗೆ ಹೋಯಿತು. ಮಂಡಿ ತೋರಿಸಲು ಹೆಬ್ಬಾಳದ ಆಸ್ಪತ್ರೆಗೆ ಹೋಗುವಾಗೆಲ್ಲ ಈಗಲೂ ಅವನೇ ಬರುತ್ತಾನೆ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, "ಇಂಗೆ ಕಾಲು ನೀಡ್ಕೊಂಡು ಕುಂತ್ಕೊ ಅಣ್ಣ" ಅನ್ನುತ್ತಾನೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ. ಕಳೆದ ವಾರ ಬಾಯಿ ತೆರೆದೇಬಿಟ್ಟೆ.

"ನೋಡಪ್ಪಾ, ಅವತ್ತು ಮದುವೇಲಿ..."

"ಷ್! ದೀಪ ಶಾಂತ ಆಗ್ಲಿ ಅಣ್ಣ."

ಕೈ ಮುಗಿದು ಕೂತ. ನಾನೂ ಮುಗಿದೆ, ಅವನ ಕಡೆಗೆ. ಅವನು ದೀಪವನ್ನೇ ನೋಡುತ್ತಿದ್ದ. ದೀಪ ಶಾಂತವಾಯಿತು, ಎಂಜಿನ್ ಗಡಗಡ ಶುರುವಾಯಿತು. ಇನ್ನು ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು?

"ಏನೋ ಅಂದ್ಯಲ್ಲಣ್ಣ?" ಅಂತ ಕೂಗಿದ.

"ಏನಿಲ್ಲ, ನಿಧಾನಕ್ಕೆ ಓಡ್ಸು ಅಂದೆ!"

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಗದಕ್ಕೆ ಎಂಜಿನ್ ಇಲ್ಲ. ತಪ್ಪಾಯ್ತು ಕಣಪ್ಪಾ, ಬೈಲಪ್ಪ.